ಬೂದಿ ಮಲೆನಾಡಿಗಿರಲಿ, ಬಳ್ಳಾರಿಗೆ ತಿಪ್ಪೆಗೊಬ್ಬರ ಸಾಕು

ಬಳ್ಳಾರಿ ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ



ಕಟ್ಟಿಗೆ ಬೂದಿಗೆ ಸಗಣಿ ಗೊಬ್ಬರ ಬೆರೆಸಿ ಹಾಕಿದರೆ ಎಂಥ ಮಣ್ಣೂ ಸುಧಾರಿಸುತ್ತದೆ ಎಂಬ ಸಲಹೆ ಮೊಬೈಲುಗಳಲ್ಲಿ ತಿರುಗಾಡುತ್ತಿದೆ. ಆಗುಂಬೆ ಕಡೆಯ ಅಡಿಕೆ ತೋಟದವರಿಗೆ ಅದು ಒಪ್ಪುವ ಮಾತು. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ. ಸುಣ್ಣದಂಶ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಬೂದಿಯ ಸುಣ್ಣ ಆ ಹುಳಿಯನ್ನು ಮುರಿಯುತ್ತದೆ, ಜೊತೆಗೆ ಪೊಟ್ಯಾಷ್ ಲಾಭ.

ಬಳ್ಳಾರಿಯ ಮಳೆ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಸಿರುಗುಪ್ಪ, ಕುರುಗೋಡಿನ ಎರೆ ಭೂಮಿಯ ರಸಸಾರ ಸಾಮಾನ್ಯವಾಗಿ 8ರ ಮೇಲೆಯೇ ಇರುತ್ತದೆ. ರಸಸಾರ 7 ಇದ್ದರೆ ಮಣ್ಣು ಸಮ, ಕೆಳಗಿಳಿದರೆ ಹುಳಿ, ಮೇಲೇರಿದರೆ ಕ್ಷಾರ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯತೊಡಗಿದ ಮೇಲೆ ಜೋಳ, ಹತ್ತಿಯ ಹೊಲಗಳು ಭತ್ತದ ಗದ್ದೆಗಳಾದವು. ನೀರು ಬಸಿಯದ ಕಡೆ ಉಪ್ಪು ಮೇಲೆದ್ದು ನೆಲ ಸವಳಾಯಿತು. ಇಂಥಲ್ಲಿ ಬೂದಿ ಸುರಿದರೆ ಕ್ಷಾರ ಇನ್ನೂ ಏರುತ್ತದೆ. ಸತು, ಕಬ್ಬಿಣ ಮಣ್ಣಿನಲ್ಲಿದ್ದೂ ಬೇರಿಗೆ ಎಟುಕುವುದಿಲ್ಲ. ಭತ್ತದ ಎಲೆ ತುಕ್ಕುಬಣ್ಣಕ್ಕೆ ತಿರುಗುತ್ತದೆ.

ಸಿರುಗುಪ್ಪದ ರೈಸ್ ಮಿಲ್ಲುಗಳ ಹೊಟ್ಟಿನ ಬೂದಿಯ ಗುಣ ಬೇರೆ. ಅದರಲ್ಲಿ ಬಹುಪಾಲು ಸಿಲಿಕಾ, ಸುಣ್ಣ ಕಡಿಮೆ. ಆದರೆ ಟ್ರ್ಯಾಕ್ಟರ್ ತುಂಬಿಸಿಕೊಳ್ಳುವವರಿಗೆ ಎರಡೂ ಬೂದಿಯೇ!

ಸಲಹೆಯ ಉಳಿದರ್ಧ ಮಾತ್ರ ಇಲ್ಲಿಗೂ ಒಗ್ಗುತ್ತದೆ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬಿಗಿದ ಎರೆಮಣ್ಣನ್ನು ಸಡಿಲಿಸಿ ನೀರು ಇಂಗಲು ದಾರಿ ಮಾಡುತ್ತದೆ. ಹೊಲದಲ್ಲಿ ಕುರಿ ತರುಬಿಸುವ ಹಳೆಯ ರೂಢಿಯ ಫಲವೂ ಅದೇ. ಟ್ರ್ಯಾಕ್ಟರ್ ಬಂದು ದನ ಕಡಿಮೆಯಾದ ಊರುಗಳಲ್ಲಿ ಗೊಬ್ಬರವೇ ಸಿಗದು ಎಂಬುದು ನಿಜ. ಹಾಗಿರುವಾಗ ಕೊಯ್ಲಾದ ಗದ್ದೆಯಲ್ಲಿ ಭತ್ತದ ಹುಲ್ಲಿಗೆ ಬೆಂಕಿ ಇಡುವುದೇಕೆ? ಆ ಹುಲ್ಲು ತಿಪ್ಪೆ ಸೇರಬೇಕು.

ಸವಳು ನೆಲದಲ್ಲಿ ಸೋಡಿಯಂ ಹೆಚ್ಚಿದ್ದರೆ ಗೊಬ್ಬರದ ಜೊತೆಗೆ ಜಿಪ್ಸಂ ಕೂಡ ಬೇಕು. ಅದರ ಕ್ಯಾಲ್ಸಿಯಂ ಮಣ್ಣಿನ ಕಣದಿಂದ ಸೋಡಿಯಂ ಅನ್ನು ಬಿಡಿಸುತ್ತದೆ; ಬಿಟ್ಟ ಸೋಡಿಯಂ ನೀರಿನೊಂದಿಗೆ ಹೊರಹೋಗಲು ಬಸಿಗಾಲುವೆ ಇರಬೇಕು. ಅದಿಲ್ಲದೆ ಜಿಪ್ಸಂ ಚೀಲ ಹಂಚಿದರೆ ಅರ್ಧ ಕೆಲಸವಷ್ಟೇ.

2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರದ ಅಂಕಿ ಇದೆ. ಅದನ್ನು ಓದಿ ಹೇಳುವವರು ರೈತ ಸಂಪರ್ಕ ಕೇಂದ್ರಗಳಲ್ಲಿ ಇರಲಿ. ‘ರಸಸಾರ 7 ದಾಟಿದ ಹೊಲಕ್ಕೆ ಬೂದಿ ಬೇಡ’ ಎಂಬ ಫಲಕ ಬಾಗಿಲಲ್ಲೇ ಕಾಣಲಿ, ಸಿರುಗುಪ್ಪದ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ಮಾತಿನ ರೈತರಿಗಾಗಿ ತೆಲುಗಿನಲ್ಲೂ. ಬಳ್ಳಾರಿ ನಗರದಲ್ಲಿ ಮಾಳಿಗೆಯ ಮೇಲೆ ಕುಂಡ ಇಟ್ಟವರಿಗೂ ಇದೇ ಮಾತು ತಲುಪಬೇಕು. ಸವಳು ಮಣ್ಣಿನ ಸಂಶೋಧನೆ ಗಂಗಾವತಿಯಲ್ಲೇ ನಡೆಯುತ್ತಿದೆ. ಅಲ್ಲಿನ ವಿಜ್ಞಾನಿಗಳನ್ನು ಕರೆಸಿ, ಮುಂಗಾರಿಗೆ ಮೊದಲು ಕುರುಗೋಡಿನ ಒಂದು ಸವಳು ಗದ್ದೆಯಲ್ಲಿ ಬೂದಿ ಹಾಕಿದ ಮಡಿ, ಗೊಬ್ಬರ-ಜಿಪ್ಸಂ ಹಾಕಿದ ಮಡಿ ಎರಡನ್ನೂ ಅಕ್ಕಪಕ್ಕ ಮಾಡಿಸಿ, ತೆನೆ ಬರುವ ಹೊತ್ತಿಗೆ ಸುತ್ತಲಿನ ರೈತರನ್ನು ಅಲ್ಲಿಗೆ ಕರೆಯಿರಿ.