ಯಾರ ಕೈ ಯಾರ ತಲೆಯ ಮೇಲೆ?

ನಾಗಪುರದ ಇತವಾರಿ ಅಪ್ಪಟ ವ್ಯಾಪಾರದ ಪೇಟೆ. ಬಟ್ಟೆ, ಕಿರಾಣಿ, ಕಾಳುಕಡಿ, ಬೆಳ್ಳಿ ಬಂಗಾರ. ಇಂಥ ಪೇಟೆಯಲ್ಲಿ ಒಬ್ಬನ ಗುಣ ತಿಳಿಯಲು ಅವನ ದೇವರ ಕೋಣೆಗೆ ಇಣುಕಬೇಕಿಲ್ಲ. ಅವನಿಗೆ ಉದ್ರಿ ಕೊಡುವವರು ಎಷ್ಟು ಮಂದಿ ಎಂದು ವಿಚಾರಿಸಿದರೆ ಸಾಕು. ಕ್ರೈಸ್ತ ಜೀವನದಲ್ಲಿ ಸದ್ಗುಣದ ಮಾತೂ ಹೆಚ್ಚುಕಡಿಮೆ ಹೀಗೆಯೇ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಆತ್ಮದ ಫಲಗಳನ್ನು ಹೆಸರಿಸುತ್ತಾನೆ. ಅಲ್ಲಿ ಪ್ರೀತಿ ಇದೆ, ತಾಳ್ಮೆ ಇದೆ, ದಯೆ ಇದೆ, ಸಾಧುತ್ವ ಇದೆ. ಸೊಗಸಾಗಿ ಪ್ರಸಂಗ ಮಾಡುವ ಶಕ್ತಿ ಇಲ್ಲ, ಗಂಟೆಗಟ್ಟಲೆ ಪ್ರಾರ್ಥಿಸುವ ಕಸುವೂ ಇಲ್ಲ. ಪಟ್ಟಿಯಲ್ಲಿರುವ ಹೆಚ್ಚಿನವು ಇನ್ನೊಬ್ಬರ ಜತೆ ಏಗುವಾಗಲೇ ಪರೀಕ್ಷೆಗೆ ಬರುವಂಥವು.

ಇಂಥದೇ ಇನ್ನೊಂದು ಗುಣವಾದ ದೀನತೆಯ ಬಗ್ಗೆ ನಮ್ಮ ಸಭೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಮೆಲ್ಲಗೆ ಮಾತಾಡುವುದು, ಕೈಮುಗಿದು ನಿಲ್ಲುವುದು, ‘ನಾನೇನೂ ಅಲ್ಲ, ಎಲ್ಲ ಆತನ ಕೃಪೆ’ ಎಂದು ಮೈಕಿನಲ್ಲಿ ಹೇಳುವುದು ದೀನತೆ ಎಂದುಕೊಂಡಿದ್ದೇವೆ. (ಮೈಕು ಕೈಬಿಡಲು ಒಪ್ಪದವರೇ ಈ ಮಾತನ್ನು ಹೆಚ್ಚು ಹೇಳುತ್ತಾರೆ, ಅದು ಬೇರೆ.) ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯ ನೋಡಿ. ಶಿಷ್ಯರ ಪಾದ ತೊಳೆದ ಯೇಸು ‘ನಾನು ಗುರುವಲ್ಲ’ ಎನ್ನುವುದಿಲ್ಲ; ಗುರುವೆಂದೂ ಕರ್ತನೆಂದೂ ನೀವು ಕರೆಯುವುದು ಸರಿಯೇ ಎಂದು ಒಪ್ಪಿಕೊಳ್ಳುತ್ತಾನೆ. ಅದನ್ನು ಅರಿತೇ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡವನು ಅವನು. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದ ತಿರುಳೂ ಇದೇ: ದೇವರಿಗೆ ಸಮನಾಗಿದ್ದವನು ಆ ಸ್ಥಾನವನ್ನು ಬಿಗಿಹಿಡಿದು ಕೂರಲಿಲ್ಲ, ದಾಸನ ರೂಪಕ್ಕಿಳಿದ. ಇಲ್ಲದ್ದನ್ನು ಇಲ್ಲವೆನ್ನುವುದು ಬರೀ ಪ್ರಾಮಾಣಿಕತೆ. ನ್ಯಾಯವಾಗಿ ತನ್ನದೇ ಆದದ್ದರ ಮೇಲಿನ ಹಿಡಿತ ಸಡಿಲಿಸಿದಾಗ ದೀನತೆ ಶುರುವಾಗುತ್ತದೆ.

ಇದಕ್ಕೊಂದು ಉದಾಹರಣೆ ಇದೇ ಊರಿನಲ್ಲಿದೆ. 1970ರ ನವೆಂಬರ್ 29ರಂದು ನಾಗಪುರದ ಆಲ್ ಸೇಂಟ್ಸ್ ಕೆಥೀಡ್ರಲ್‌ನಲ್ಲಿ ಆರು ಸಭೆಗಳು ಕೂಡಿ ಉತ್ತರ ಭಾರತ ಸಭೆ, ಅಂದರೆ ಸಿಎನ್‌ಐ ಆಯಿತು. ಆಂಗ್ಲಿಕನ್ನರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಪರಂಪರೆಗಳು ಆಗಲೇ ಕೂಡಿದ್ದ ಸಂಯುಕ್ತ ಸಭೆ, ಬ್ಯಾಪ್ಟಿಸ್ಟರು, ಬ್ರೆದರನ್, ಡಿಸೈಪಲ್ಸ್, ಜತೆಗೆ ಬ್ರಿಟಿಷ್ ಮತ್ತು ಆಸ್ಟ್ರೇಲಿಯಾ ಮೂಲದ ಮೆಥೋಡಿಸ್ಟರು. ಮಾತುಕತೆ ಶುರುವಾದದ್ದು 1929ರಲ್ಲಿ. ನಲವತ್ತು ವರ್ಷ ಹಿಡಿಯಿತೆಂದರೆ ತಕರಾರು ಚಿಕ್ಕದಲ್ಲ.

ತಕರಾರಿನ ಮೂಲ ಅಧಿಕಾರ. ಪರಂಪರೆಯಿಂದ ಬಂದ ಬಿಷಪರು ತಲೆಯ ಮೇಲೆ ಕೈಯಿಟ್ಟರಷ್ಟೇ ಒಬ್ಬರು ಪೂರ್ಣ ಅರ್ಥದಲ್ಲಿ ಸಭಾಪಾಲಕರಾಗುತ್ತಾರೆ ಎಂಬುದು ಬಹಳಷ್ಟು ಆಂಗ್ಲಿಕನ್ನರ ನಂಬಿಕೆ. ಬ್ಯಾಪ್ಟಿಸ್ಟರಿಗೆ ಅಂಥ ಬಿಷಪರೇ ಇಲ್ಲ. ಹಾಗಾದರೆ ಮೂವತ್ತು ವರ್ಷ ಹಳ್ಳಿ ಹಳ್ಳಿ ಸುತ್ತಿ ಸೇವೆ ಮಾಡಿದ ಬ್ಯಾಪ್ಟಿಸ್ಟ್ ಅಯ್ಯನವರು ಈಗ ಹೊಸದಾಗಿ ದೀಕ್ಷೆ ಪಡೆಯಬೇಕೆ? ಪಡೆದರೆ ಹಿಂದಿನ ಸೇವೆಯೆಲ್ಲ ಹುಸಿ ಎಂದಂತಾಗುತ್ತದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ ನಮ್ಮ ದಕ್ಷಿಣ ಭಾರತ ಸಭೆ, ಸಿಎಸ್‌ಐ, ಎಲ್ಲರನ್ನೂ ಇದ್ದಂತೆಯೇ ಒಪ್ಪಿಕೊಂಡಿತು. ಇಂಗ್ಲೆಂಡಿನ ಕೆಲವರು ಅದಕ್ಕೆ ಬಹಳ ಕಾಲ ಮುನಿಸಿಕೊಂಡಿದ್ದರು.

ನಾಗಪುರದಲ್ಲಿ ಬೇರೆ ದಾರಿ ಹಿಡಿದರು. ಎಲ್ಲ ಪರಂಪರೆಗಳ ಪ್ರತಿನಿಧಿಗಳೂ ಹಸ್ತಾರ್ಪಣೆಗೆ, ಅಂದರೆ ತಲೆಯ ಮೇಲೆ ಕೈಯಿಡುವ ವಿಧಿಗೆ, ತಲೆಬಾಗಬೇಕು. ಬಿಷಪರೂ ಅದಕ್ಕೆ ಹೊರತಲ್ಲ. ಪ್ರಾರ್ಥನೆಯ ಸಾರ ಇಷ್ಟು: ಇವರಲ್ಲಿ ಯಾರಿಗೆ ಏನು ಬೇಕೋ ಅದನ್ನು ದೇವರೇ ಕೊಡಲಿ. ಯಾರಲ್ಲಿ ಏನು ಕೊರತೆ ಇತ್ತೆಂದು ಯಾರೂ ಹೇಳಲಿಲ್ಲ. ಇದು ಜಾಣ ಮರೆಮಾಚುವಿಕೆ ಎಂದವರು ಆಗಲೂ ಇದ್ದರು, ಆ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೂ ಅದರ ಬೆಲೆ ಗಮನಿಸಿ: ತಮ್ಮ ದೀಕ್ಷೆ ಪೂರ್ಣವೆಂದು ನಂಬಿದ್ದ ಬಿಷಪರು, ತಮಗೂ ಇನ್ನೊಬ್ಬರಿಂದ ಏನಾದರೂ ಬರಬೇಕಿರಬಹುದು ಎಂದು ಬಹಿರಂಗವಾಗಿ ಒಪ್ಪಿಕೊಂಡಂತಾಯಿತು.

ದೀಕ್ಷಾಸ್ನಾನದ ವಿಷಯದಲ್ಲೂ ಹೀಗೆಯೇ. ಶಿಶುವಿಗೆ ಸ್ನಾನ ಮಾಡಿಸಬಹುದು, ಬೆಳೆದು ನಂಬಿಕೆ ಅರಿಕೆಮಾಡಿದ ಮೇಲೂ ಮಾಡಿಸಬಹುದು. ಎರಡಕ್ಕೂ ಒಂದೇ ಮಾನ್ಯತೆ. ಶಿಶುಸ್ನಾನ ತನ್ನ ಮನಸ್ಸಾಕ್ಷಿಗೆ ಒಗ್ಗದ ಪಾಲಕ ಇನ್ನೊಬ್ಬ ಪಾಲಕನನ್ನು ಕರೆಸಿ ಮಾಡಿಸಬಹುದು. ತನ್ನ ಪೀಠದ ಬಳಿ ತಾನು ಒಪ್ಪದ ವಿಧಿಗೆ ತಾನೇ ಜಾಗ ಮಾಡಿಕೊಡುವುದೆಂದರೆ ಸಾಮಾನ್ಯವೇ?

ಎಲ್ಲರೂ ಬರಲಿಲ್ಲ. ಅಮೆರಿಕ ಮೂಲದ ದೊಡ್ಡ ಮೆಥೋಡಿಸ್ಟ್ ಸಭೆ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯಿತು. ಅದನ್ನು ಅಹಂಕಾರವೆಂದು ಕರೆಯಲು ನಾನು ಸಿದ್ಧನಿಲ್ಲ. ಹೊರಗುಳಿಯುವುದಕ್ಕೂ ಮನಸ್ಸಾಕ್ಷಿಯ ಕಾರಣಗಳಿರುತ್ತವೆ.

ಕೂಡಿದವರ ನಿಜವಾದ ಇಕ್ಕಟ್ಟು ಬೇರೆ ಕಡೆ ಎದುರಾಯಿತು. ಗುಜರಾತಿನ ಬ್ರೆದರನ್ ಸಭೆಯ ಆಸ್ತಿ ಸಿಎನ್‌ಐಗೆ ಸೇರಿತೇ ಇಲ್ಲವೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಯಿತು. ವಿಲೀನದ ಠರಾವು ಪಾಸಾದ ಮಾತ್ರಕ್ಕೆ ಟ್ರಸ್ಟಿನ ಆಸ್ತಿ ಕೈ ಬದಲಾಗುವುದಿಲ್ಲ ಎಂದು 2013ರಲ್ಲಿ ತೀರ್ಪು ಬಂತು. ದಕ್ಷಿಣದವರು ನಗಬೇಕಾದ್ದಿಲ್ಲ, ಸಿಎಸ್‌ಐ ಸಿನೋಡ್‌ನ 2023ರ ಚುನಾವಣೆಯೂ ಕೋರ್ಟು ಕಂಡಿದೆ. ತಲೆಬಾಗಿ ಹಸ್ತಾರ್ಪಣೆ ಪಡೆದವರ ಸಭೆಯೂ ಜಾಗದ ಪತ್ರಗಳ ಮುಂದೆ ನಿಂತಾಗ ಗಟ್ಟಿಯಾಗಿಬಿಡುತ್ತದೆ. ಹೀಗಾಗಿ ಒಂದು ಸಭೆಯ ದೀನತೆ ಅಳೆಯಬೇಕೆನ್ನುವವರು ಭಾನುವಾರದ ಆರಾಧನೆಗಿಂತ ಮೊದಲು ಅದರ ಆಸ್ತಿ ಸಮಿತಿಯ ನಡಾವಳಿ ಪುಸ್ತಕ ಓದಲಿ ಎನ್ನುತ್ತೇನೆ.