ನಾಲ್ಕು ಸೊನ್ನೆಯ ಪರವಾಗಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕು ಕಚೇರಿಗಳ ರೂಟರುಗಳು ಮೈಸೂರಿನ ಜಿಲ್ಲಾ ರೂಟರಿಗೆ ಸೇರುವ ಒಂದು ಜಾಲವನ್ನು ತೆಗೆದುಕೊಳ್ಳೋಣ. ರಾಜ್ಯದ ಕೆಸ್ವಾನ್ ಜಾಲವೂ ಹೀಗೆಯೇ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಹಬ್ಬಿದೆ. ಇಲ್ಲಿನ ವಿಳಾಸಗಳು ಮಾತ್ರ ಉದಾಹರಣೆಗೆ ನಾನೇ ಇಟ್ಟುಕೊಂಡವು. ಸಿಸ್ಕೊ ರೂಟರಿನಲ್ಲಿ ಓಎಸ್‌ಪಿಎಫ್ ಹಾಕುವಾಗ ಇಂಟರ್‌ಫೇಸಿಗೊಂದು ನೆಟ್‌ವರ್ಕ್ ಸಾಲು ಬರೆದು, ವೈಲ್ಡ್‌ಕಾರ್ಡ್ ಮಾಸ್ಕ್ 0.0.0.0 ಕೊಡಬೇಕು ಎಂಬುದು ನನ್ನ ವಾದ. ಇದಕ್ಕೆ ಎದುರು ಹೇಳುವವರು ಬಹಳ.

ಮೊದಲ ಆಕ್ಷೇಪ: 0.0.0.0 ಕೊಟ್ಟರೆ ಆ ಒಂದೇ ವಿಳಾಸ ಪ್ರಕಟವಾಗುತ್ತದೆ, ಕಚೇರಿಯ ಉಳಿದ ಗಣಕಗಳು ಜಾಲಕ್ಕೆ ಕಾಣುವುದಿಲ್ಲ. ಇದು ಶುದ್ಧ ತಪ್ಪು ತಿಳಿವಳಿಕೆ. ನೆಟ್‌ವರ್ಕ್ ಸಾಲಿನ ಕೆಲಸ ಯಾವ ಇಂಟರ್‌ಫೇಸ್ ಓಎಸ್‌ಪಿಎಫ್‌ಗೆ ಸೇರಬೇಕೆಂದು ಆರಿಸುವುದಷ್ಟೆ. ವೈಲ್ಡ್‌ಕಾರ್ಡಿನಲ್ಲಿ 0 ಇದ್ದ ಬಿಟ್ ಹೊಂದಲೇಬೇಕು, 1 ಇದ್ದದ್ದು ಏನಾದರೂ ಇರಲಿ. ಆಯ್ಕೆ ಮುಗಿದ ಮೇಲೆ ಪ್ರಕಟವಾಗುವುದು ಇಂಟರ್‌ಫೇಸಿನ ಮೇಲಿರುವ ಸಬ್‌ನೆಟ್. ಕೋಟೆಯ ಕಚೇರಿ ಇಂಟರ್‌ಫೇಸಿಗೆ 10.20.7.1/24 ಕೊಟ್ಟಿದ್ದರೆ, ‘ನೆಟ್‌ವರ್ಕ್ 10.20.7.1 0.0.0.0 ಏರಿಯಾ 0’ ಎಂದು ಬರೆದರೂ ಮೈಸೂರಿಗೆ ತಿಳಿಯುವುದು ಪೂರ್ತಿ 10.20.7.0/24.

ಎರಡನೆಯವರದು ಸಲೀಸಿನ ವಾದ: ‘0.0.0.0 255.255.255.255’ ಎಂದು ಒಂದೇ ಸಾಲು ಬರೆದರೆ ಎಲ್ಲವೂ ಸೇರುತ್ತದಲ್ಲ? ಸೇರುತ್ತದೆ, ಸೇರಬಾರದ್ದೂ ಸೇರುತ್ತದೆ. ಪಹಣಿ ಕೊಡುವ ಕೌಂಟರಿನ ಕಡೆಯ ಇಂಟರ್‌ಫೇಸಿನಿಂದಲೂ ಹತ್ತು ಸೆಕೆಂಡಿಗೊಮ್ಮೆ ಹಲೋ ಹೊರಡುತ್ತದೆ. ಅಲ್ಲಿ ಯಾರೋ ತಂದು ಸಿಕ್ಕಿಸಿದ ರೂಟರಿನ ಏರಿಯಾ, ಸಬ್‌ನೆಟ್, ಟೈಮರ್ ಹೊಂದಿಬಿಟ್ಟರೆ, ಅಥೆಂಟಿಕೇಶನ್ ಇಲ್ಲದ ಕಡೆ ಅದು ನೆರೆಯಾಗಿಬಿಡುತ್ತದೆ, ತನ್ನ ದಾರಿಗಳನ್ನು ನಾಲ್ಕೂ ತಾಲ್ಲೂಕಿಗೆ ಹೇಳುತ್ತದೆ. ಪ್ಯಾಸಿವ್ ಇಂಟರ್‌ಫೇಸ್ ಮಾಡಿದರಾಯಿತು ಎನ್ನುತ್ತಾರೆ. ಮಾಡಲೇಬೇಕು, ಒಪ್ಪುತ್ತೇನೆ. ಆದರೆ ಪ್ಯಾಸಿವ್ ತಡೆಯುವುದು ಹಲೋವನ್ನು ಮಾತ್ರ. ಬೇಡದ ಸಬ್‌ನೆಟ್ ಪ್ರಕಟವಾಗುವುದನ್ನು ಅದು ತಡೆಯುವುದಿಲ್ಲ.

ಸಬ್‌ನೆಟ್ ಮಾಸ್ಕನ್ನು 255ರಿಂದ ಕಳೆದರೆ ಮುಗಿಯಿತು ಎನ್ನುವವರೂ ಇದ್ದಾರೆ. /30 ಕೊಂಡಿಗೆ 0.0.0.3, ಲೆಕ್ಕ ಸರಿ. ಆದರೆ ಒಂದೇ ಇಂಟರ್‌ಫೇಸ್ ಬೇಕು ಎಂದುಕೊಂಡು ಅಭ್ಯಾಸಬಲದಿಂದ 255.255.255.255 ಎಂದು ಬರೆದವನಿಗೆ ಎಲ್ಲ ಇಂಟರ್‌ಫೇಸೂ ಸೇರಿಕೊಳ್ಳುತ್ತವೆ, ಏಕೆಂದರೆ ವೈಲ್ಡ್‌ಕಾರ್ಡಾಗಿ ಅದರ ಅರ್ಥವೇ ‘ಏನಾದರೂ ಇರಲಿ’.

ಗಟ್ಟಿಯಾದ ಆಕ್ಷೇಪವೆಂದರೆ ಬೆಳವಣಿಗೆಯದು. ಮೈಸೂರಿನ ರೂಟರಿನಲ್ಲಿ ನಾಲ್ಕು ಕೊಂಡಿಗಳು 10.20.0.0, .4, .8, .12ರಿಂದ ಶುರುವಾದರೆ ಒಟ್ಟು ಹದಿನಾರು ವಿಳಾಸ, 0.0.0.15 ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದಲ್ಲ ಎನ್ನುತ್ತಾರೆ. ಸರಿ. ಆದರೆ ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆ ತಾಲ್ಲೂಕುಗಳಾದವು. ಅವಕ್ಕೆ .16, .20 ಕೊಟ್ಟರೆ 0.0.0.15ರ ಹೊರಗೆ ಬೀಳುತ್ತವೆ, ರೂಟರ್ ಚಕಾರ ಎತ್ತುವುದಿಲ್ಲ. ‘ಹಾಗಾದರೆ ಮೊದಲೇ 0.0.255.255 ಬರೆಯಿರಿ’ ಎಂಬ ಸಲಹೆ ನನಗೆ ಒಪ್ಪಿಗೆಯಿಲ್ಲ. ಹೊಸ ಕೊಂಡಿಗೆ ವಿಳಾಸ ಹಾಕಲು ಹೇಗೂ ರೂಟರಿಗೆ ಲಾಗಿನ್ ಆಗಬೇಕು. ಅದೇ ಗಳಿಗೆಯಲ್ಲಿ ಇನ್ನೊಂದು ಸಾಲು ಬರೆಯುವುದು ಹೊರೆಯಲ್ಲ. ಕೊಂಡಿ ಸೇರಿದ್ದು ಯಾರೋ ತೀರ್ಮಾನಿಸಿದ್ದರಿಂದ ಆಗಬೇಕೇ ಹೊರತು ತಾನಾಗಿ ಅಲ್ಲ.

ಇಂಟರ್‌ಫೇಸಿನ ವಿಳಾಸ ಬದಲಾದರೆ ನನ್ನ ಸಾಲು ಕೆಲಸ ಬಿಡುತ್ತದೆ ಎಂಬುದು ನಿಜ. ಅಂಥ ಕಡೆ ಇಂಟರ್‌ಫೇಸಿನ ಕೆಳಗೇ ‘ಐಪಿ ಓಎಸ್‌ಪಿಎಫ್ 1 ಏರಿಯಾ 0’ ಬರೆಯಿರಿ, ವೈಲ್ಡ್‌ಕಾರ್ಡಿನ ಗೊಡವೆಯೇ ಇರುವುದಿಲ್ಲ.

ಯಾವ ಮಾಸ್ಕ್ ಬರೆದಿದ್ದರೂ ಸರಿ, ಇವತ್ತು ನಿಮ್ಮ ರೂಟರಿನಲ್ಲಿ ‘ಶೋ ಐಪಿ ಓಎಸ್‌ಪಿಎಫ್ ಇಂಟರ್‌ಫೇಸ್ ಬ್ರೀಫ್’ ಕೊಟ್ಟು ನೋಡಿ. ಆ ಪಟ್ಟಿಯಲ್ಲಿ ನೀವು ಹೆಸರಿಸದ ಇಂಟರ್‌ಫೇಸ್ ಒಂದಿದ್ದರೂ ಮಾಸ್ಕ್ ತಿದ್ದಿ.