ತೆರೆದ ಸರ್ಕಾರ ಸರಿ, ಯಾವ ಭಾಷೆಯಲ್ಲಿ?

ಹೆಬ್ಬಾಳದ ಜಾಮ್‌ನಲ್ಲಿ ಸಿಕ್ಕಿಕೊಂಡಾಗಲೆಲ್ಲ ನಾವು ಸರ್ಕಾರವನ್ನ ಬೈತೀವಿ. ಆದರೆ ಇದೇ ರಸ್ತೆಯಿಂದ ಕಲಿಯೋದೂ ಇದೆ.

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಬಿಡಿಎ ಹೊರಟಿತ್ತು. ಉದ್ದ 6.7 ಕಿ.ಮೀ., ವೆಚ್ಚ ಸುಮಾರು 1,791 ಕೋಟಿ ರೂಪಾಯಿ, ಕಡಿಯಬೇಕಿದ್ದ ಮರಗಳು 812. ಈ ಅಂಕಿಗಳು ಜನರ ಬಾಯಿಗೆ ಬಂದವು, ಪ್ರಶ್ನೆಗಳು ಎದ್ದವು. ಅಕ್ಟೋಬರ್‌ನಲ್ಲಿ ಸಾವಿರಾರು ಮಂದಿ ಮಾನವ ಸರಪಳಿ ಮಾಡಿ ‘ಬೇಡ’ ಅಂದರು. ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಮಾಹಿತಿ, ಜನರ ಪಾಲ್ಗೊಳ್ಳುವಿಕೆ, ಉತ್ತರದಾಯಿತ್ವ. ಈ ಮೂರೂ ಸೀರೀಸ್ ಸರ್ಕ್ಯೂಟ್ ಇದ್ದ ಹಾಗೆ. ಒಂದು ಕಡೆ ವೈರ್ ಬಿಟ್ಟರೂ ಬಲ್ಬ್ ಹತ್ತಲ್ಲ.

ನಮ್ಮಲ್ಲಿ ಮೂರಕ್ಕೂ ಕಾನೂನು ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಬರಬೇಕು. ಸಕಾಲದಲ್ಲಿ ಸೇವೆ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ. ಪಾಲ್ಗೊಳ್ಳೋಕೆ ವಾರ್ಡ್ ಸಮಿತಿ. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಂದರೆ ಮಧ್ಯದ ವೈರೇ ಕಟ್.

ಇನ್ನೊಂದು ವೈರ್ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಅದು ಭಾಷೆ. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯ ಮಾತು ನಡೀತಿದೆ. ಇಂಥ ಯೋಜನೆಗಳ ಡಿಪಿಆರ್ ಅಂದರೆ ಸಾಮಾನ್ಯವಾಗಿ ನೂರಾರು ಪುಟ ಇಂಗ್ಲಿಷ್. ಪಿಡಿಎಫ್ ಅಪ್‌ಲೋಡ್ ಮಾಡಿದ ಮಾತ್ರಕ್ಕೆ ಹೆಬ್ಬಾಳದ ಹೂ ಮಾರೋ ಅಕ್ಕನಿಗೆ, ಯಶವಂತಪುರ ಎಪಿಎಂಸಿಯ ಹಮಾಲಿ ಅಣ್ಣನಿಗೆ ಸರ್ಕಾರ ತೆರೆದ ಹಾಗೆ ಆಗುತ್ತಾ? ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನೇ ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನ ಗಮನದಲ್ಲಿಡಬೇಕು ಅನ್ನುತ್ತೆ. ‘ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಹೇಳೋಕಾಗಲ್ಲ’ ಅನ್ನೋದು ನೆಪ. 812 ಮರ ಅಂದರೆ ಯಾರಿಗೆ ಅರ್ಥ ಆಗಲ್ಲ?

ಪ್ರತಿ ದೊಡ್ಡ ಯೋಜನೆಗೂ ಕನ್ನಡದಲ್ಲಿ ಹತ್ತು ಪುಟದ ಸಾರಾಂಶ ಕೊಡೋದು ಸರ್ಕಾರದ ಕೆಲಸ. ಎಲ್ಲಿಂದ ಎಲ್ಲಿಗೆ, ಎಷ್ಟು ಖರ್ಚು, ಯಾರ ಜಾಗ ಹೋಗುತ್ತೆ, ಯಾರನ್ನ ಕೇಳಬೇಕು, ಇಷ್ಟು ಇದ್ದರೆ ಸಾಕು. ಅದು ಬರೋವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಡಿಪಿಆರ್ ಓದೋಕೆ ಬರುತ್ತೆ, ಡ್ರಾಯಿಂಗೂ ಅರ್ಥ ಆಗುತ್ತೆ. ಕನ್ನಡದಲ್ಲಿ ಬರೆಯೋದು ಸ್ವಲ್ಪ ಕಷ್ಟ, ಅಷ್ಟೇ. ಕನ್ನಡ ಸಂಘ ಇರೋದು ರಾಜ್ಯೋತ್ಸವಕ್ಕೆ ಮಾತ್ರ ಅಲ್ಲವಲ್ಲ. ಈ ಸೆಮಿಸ್ಟರ್‌ನಲ್ಲಿ ಒಂದು ಡಿಪಿಆರ್ ಹಿಡಿಯೋಣ, ಎರಡು ಪುಟ ಕನ್ನಡ ಬರೆಯೋಣ, ಬಸ್ ಸ್ಟಾಪ್‌ನಲ್ಲಿ ಹಂಚೋಣ. ಬರ್ತೀರಾ?